ಸ್ತಮೆಂಕಾಳ ಕೆಂಪು

ಪಿರೋತ್ ಊರಿನಲ್ಲಿ ಕಿಲಿಮ್ ಎಂಬ ಉಣ್ಣೆಯ ನೆಲಹಾಸು ನೇಯುವ ಹೆಂಗಸರ ಪೈಕಿ ಸ್ತಮೆಂಕಾಳಷ್ಟು ಕೈಚಳಕದವಳು ಇನ್ನೊಬ್ಬಳಿರಲಿಲ್ಲ. ಅವಳಷ್ಟು ಕೆಟ್ಟ ಕೆಂಪು ಬಣ್ಣ ಹಾಕುವವಳೂ ಇರಲಿಲ್ಲ ಬಿಡಿ. ಕಾರಣ ಊರಿಗೆಲ್ಲ ಗೊತ್ತಿತ್ತು: ಆ ಹೆಂಗಸಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಮಂಜಿಷ್ಠದ ಬೇರು ಕುದಿಯುವಾಗ ಬಣ್ಣ ಹಾಕುವವಳು ಒಂದು ಸುಳ್ಳು ಬಿಡಬೇಕು. ಸುಳ್ಳು ಎಷ್ಟು ದೂರ ಹೋಗುತ್ತದೋ ಉಣ್ಣೆಗೆ ಬಣ್ಣ ಅಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ನೂಲು ಒಣಗುವ ತನಕ ಅದು ಸುಳ್ಳೆಂದು ಒಪ್ಪಿಕೊಳ್ಳುವ ಹಾಗಿಲ್ಲ, ಒಪ್ಪಿಕೊಂಡರೆ ಬಣ್ಣ ಬಿಡುತ್ತದೆ. ಸ್ತಮೆಂಕಾಳ ಅತ್ತೆ ಪೆಟ್ಕಾನಾ ಇದರಲ್ಲಿ ಪಳಗಿದ ಕೈ. ಎಂದೂ ಗಡ್ಡ ತೆಗೆಯದ ಪಾದ್ರಿಗಳು ಅದನ್ನು ಬೋಳಿಸಿಕೊಂಡಿದ್ದಾರೆ ಎಂದು ಒಮ್ಮೆ ಅವಳು ಬಿಟ್ಟ ಸುಳ್ಳಿಗೆ ಜನ ಮಾಡುತ್ತಿದ್ದ ಕೆಲಸ ಬಿಟ್ಟು ಚರ್ಚಿಗೆ ಓಡಿದ್ದರು. ಆ ವರ್ಷದ ಕೆಂಪು ಇವತ್ತಿಗೂ ಮಾಸಿಲ್ಲ. ಸೊಸೆಯೋ, ಕೊಪ್ಪರಿಗೆಯ ಮುಂದೆ ನಿಂತು ತಡವರಿಸಿ ತಡವರಿಸಿ, "ಇವತ್ತು ಮಳೆ ಬರತ್ತೆ" ಅನ್ನುತ್ತಿದ್ದಳು. ಹಾಳಾದ ಮಳೆ ಬಂದೂ ಬಿಡುತ್ತಿತ್ತು.

ಇದು ನಗುವ ವಿಷಯವಲ್ಲ. ಮಗಳ ಮದುವೆಗೆ ಅವಳು ನೇಯ್ದು ಕೊಟ್ಟ ಕಿಲಿಮ್ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಬೀಗರ ಒಳಚಡ್ಡಿಗಳನ್ನೆಲ್ಲ ಗುಲಾಬಿ ಮಾಡಿತ್ತು. ಬೀಗಿತಿ ಅದನ್ನು ಮರೆತಿಲ್ಲ, ಮಗಳಿಗೆ ಮರೆಯಲು ಬಿಟ್ಟೂ ಇಲ್ಲ. ಈಗ ಮೊಮ್ಮಗಳು ನೆವೆನಾಳ ಮದುವೆ. ಹೊಸ ಮನೆಯ ನೆಲಕ್ಕೆ ಅಜ್ಜಿಯ ಕೈಯ ಕಿಲಿಮ್ಮೇ ಹಾಸಬೇಕು. ಈ ಸಲವೂ ಬಣ್ಣ ಬಿಟ್ಟರೆ ಆ ಹುಡುಗಿಯೂ ಜನ್ಮವಿಡೀ ಚುಚ್ಚುಮಾತು ಕೇಳಬೇಕಲ್ಲ ಎಂದು ಸ್ತಮೆಂಕಾಳಿಗೆ ಅನ್ನ ನೀರು ಸೇರುತ್ತಿರಲಿಲ್ಲ.

ಹಾಗಾಗಿ ಮೊದಲೇ ಒಂದು ಸುಳ್ಳನ್ನು ಬಾಯಿಪಾಠ ಮಾಡಿಕೊಂಡಳು: ನದಿಯಲ್ಲಿ ಹಂದಿಯಷ್ಟು ದೊಡ್ಡ ಮೀನು ಸಿಕ್ಕಿದೆ. ಪಟಿಕದ ನೀರಲ್ಲಿ ನೆನೆಸಿದ್ದ ಉಣ್ಣೆಯ ಲಡಿಗಳನ್ನು ಕೊಪ್ಪರಿಗೆಗೆ ಇಳಿಸಿ ಕಾದಳು. ಪಕ್ಕದ ಮನೆಯ ಸವೆತಾ ಈರುಳ್ಳಿ ಕೇಳಲು ಬಂದಳು.

"ಏನಕ್ಕಾ ಸಮಾಚಾರ?"

ಸ್ತಮೆಂಕಾಳಿಗೆ ಮೀನು ಮರೆತೇ ಹೋಯಿತು. ಅತ್ತಿತ್ತ ನೋಡಿದಳು. ಕಿಟಕಿಯಾಚೆ ಸೋತಿರ್ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದ. ಅವಳು ವಿಧವೆ, ಅವನು ಚೀಸ್ ಮಾಡಿ ಬದುಕುವ ವಿಧುರ, ಚಿಕ್ಕಂದಿನಿಂದ ಅದೇ ಓಣಿಯವನು.

"ನಾನು ಸೋತಿರನ್ನ ಮದುವೆ ಆಗ್ತಿದೀನಿ," ಅಂದುಬಿಟ್ಟಳು.

ಬೇರೆ ಯಾರೇ ಹೇಳಿದ್ದರೂ ಸವೆತಾ ಮೊದಲು ಒಲೆಯ ಮೇಲೆ ಬಣ್ಣ ಕುದಿಯುತ್ತಿದೆಯಾ ಎಂದು ನೋಡುತ್ತಿದ್ದಳು. ಆದರೆ ಹೇಳಿದವಳು ಸ್ತಮೆಂಕಾ. ಈರುಳ್ಳಿಯನ್ನು ಅಲ್ಲೇ ಬಿಟ್ಟು ಸವೆತಾ ಓಡಿದಳು.

ಸಂಜೆಯೊಳಗೆ ಸುದ್ದಿ ಸೇತುವೆ ದಾಟಿತು. ಪಾದ್ರಿಗಳು ದಾರಿಯಲ್ಲಿ ತಡೆದು, "ಒಳ್ಳೇದಾಯ್ತಮ್ಮ. ಇಬ್ಬರೂ ಹಠಮಾರಿಗಳು, ಹೇಗೆ ಹೊಂದ್ಕೋತೀರೋ ದೇವರೇ ಬಲ್ಲ," ಅಂದರು. ಸೋತಿರ್ ತನ್ನ ಮನೆಯ ಗೇಟಿಗೆ ಹಸಿರು ಬಣ್ಣ ಹೊಡೆದ. ಪೇಟೆಗೆ ಹೋಗಿ ಗರಿ ಸಿಕ್ಕಿಸಿದ ಹೊಸ ಟೋಪಿ ಕೊಂಡು, ಅದನ್ನು ಹಾಕಿಕೊಂಡೇ ಊರೆಲ್ಲ ತಿರುಗಿದ. ಸ್ತಮೆಂಕಾ ನಾಚಿಕೆಯಿಂದ ಸತ್ತೇ ಹೋದಳು. ಕೆಂಪಂತೂ ಏನು ಹೇಳಲಿ, ಸೂರಿಗೆ ಕಟ್ಟಿದ ಮೆಣಸಿನಕಾಯಿ ಸರಗಳು ಅದರ ಮುಂದೆ ಸಪ್ಪೆಯಾಗಿ ಕಾಣುತ್ತಿದ್ದವು.

ಎರಡು ದಿನ ಮೋಡ ಕವಿದು ಲಡಿಗಳು ಬೇಲಿಯ ಮೇಲೆ ಇನ್ನೂ ಹಸಿಯಾಗಿಯೇ ಇದ್ದಾಗ ಸೋತಿರ್ ಬಂದ. ಕೈಯಲ್ಲಿ ಚೀಸಿನ ಗಂಟು, ತಲೆಯ ಮೇಲೆ ಟೋಪಿ, ಕೆನ್ನೆಯ ಮೇಲೆ ಕ್ಷೌರದ ಗಾಯ.

"ಸ್ತಮೆಂಕಾ, ಊರವರು ಏನೇನೋ ಅಂತಿದಾರೆ. ನೀನೇ ಹೇಳು, ನಿಜಾನಾ?"

ಅವಳು ಲಡಿಗಳ ಕಡೆ ನೋಡಿದಳು. ಇನ್ನೊಂದಿಷ್ಟು ಬಿಸಿಲು ಬಿದ್ದರೆ ಸಾಕಿತ್ತು. ಒಂದು "ಹೂಂ" ಅಂದರೆ ನೆವೆನಾಳ ಕಿಲಿಮ್ ಉಳಿಯುತ್ತಿತ್ತು. ಆದರೆ ತನಗೋಸ್ಕರ ಆದ ಆ ಗಾಯ ಕಂಡ ಮೇಲೆ ಹಾಗೆ ಹೇಳಲು ಬಾಯಿ ಬರಲಿಲ್ಲ.

"ಸುಳ್ಳು ಕಣೋ. ಬಣ್ಣ ಹಿಡೀಲಿ ಅಂತ ಹೇಳಿದ್ದು. ಊರ ಮುಂದೆ ನಿನ್ನ ನಗೆಪಾಟಲು ಮಾಡ್ದೆ. ತಪ್ಪಾಯ್ತು."

ಸೋತಿರ್ ಬೇಲಿಯ ಹತ್ತಿರ ಹೋದ. ಒಂದು ಲಡಿ ಎಳೆದು ತನ್ನ ಬಿಳಿ ಅಂಗಿಯ ತೋಳಿನ ಮೇಲೆ ಹಿಂಡಿದ. ಬಿದ್ದದ್ದು ತಿಳಿನೀರು, ಕೆಂಪು ಒಂದು ಹನಿಯೂ ಇಲ್ಲ.

"ಗೊತ್ತಿತ್ತು," ಅಂದ.

"ಏನ್ ಗೊತ್ತಿತ್ತು?"

"ನಮ್ಮಮ್ಮಾನೂ ಬಣ್ಣ ಹಾಕ್ತಿದ್ಲು. ಆವತ್ತು ನಿನ್ನ ಮನೆಯಿಂದ ಮಂಜಿಷ್ಠದ ವಾಸನೆ ಬರ್ತಿತ್ತಲ್ಲ. ಮೊದಲೇ ಗೊತ್ತಿದ್ದೋನ ಹತ್ರ ಒಪ್ಕೊಂಡ್ರೆ ಬಣ್ಣ ಬಿಡಲ್ಲ."

"ಗೊತ್ತಿದ್ದೂ ಟೋಪಿ ತಗೊಂಡ್ಯಾ? ಗೇಟಿಗೆ ಬೇರೆ ಬಣ್ಣ?"

"ನಾನು ಸುಮ್ನೆ ಕೂತಿದ್ರೆ ನಿನ್ನ ಸುಳ್ಳನ್ನ ಎಷ್ಟು ದಿನ ನಂಬ್ತಿದ್ರು? ನೆವೆನಾ ಮದುವೆ ಅಲ್ವಾ."

"ಹಾಗಾದ್ರೆ ಈಗ ಬಂದು ನಿಜಾನಾ ಅಂತ ಕೇಳಿದ್ದು ಯಾಕೆ?"

ಸೋತಿರ್ ಚೀಸಿನ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಕೇಳಿ ನೋಡೋಣ ಅಂತ," ಅಂದ. ಆಮೇಲೆ ಮಾತು ಮರೆಸಲು ಟೋಪಿಯನ್ನು ಸರಿಮಾಡಿಕೊಂಡ. "ಇದನ್ನ ಇನ್ನೇನ್ ಮಾಡ್ಲಿ ಹೇಳು. ನನಗೆ ಒಪ್ಪತ್ತಾ?"

ಟೋಪಿ ಅಳತೆಗಿಂತ ದೊಡ್ಡದು. ಕಿವಿಗಳು ತಡೆಯದಿದ್ದರೆ ಮೂಗಿನ ತನಕ ಇಳಿಯುತ್ತಿತ್ತು. ಗರಿ ಮುರಿದು ನೇತಾಡುತ್ತಿತ್ತು.

ಒಲೆ ಆರಿತ್ತು. ಕೊಪ್ಪರಿಗೆಯನ್ನು ತೊಳೆದು ಬೋರಲು ಹಾಕಿಯಾಗಿತ್ತು. ಸ್ತಮೆಂಕಾ ಅವನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು.

"ತುಂಬಾ ಚೆನ್ನಾಗಿ ಒಪ್ಪತ್ತೆ," ಅಂದಳು, ಒಂಚೂರೂ ತಡವರಿಸದೆ.