ಐದನೆಯ ನಿಯಮ ಮತ್ತು ಹನ್ನೊಂದು ಲಕೋಟೆಗಳು

ಇಂಗ್ಲೆಂಡಿನ ನಾಲ್ಕಾರು ಊರುಗಳಿಗೆ ಸೇರಿದ ನಮ್ಮ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಾನು ಮೂರು ಸಲ ಸ್ಪರ್ಧಿಸಿದ್ದೇನೆ. ಮೊದಲ ಎರಡು ಸಲ ಸೋತೆನೆಂದು ಸಂಘದ ಕಡತಗಳು ಹೇಳುತ್ತವೆ. ಸೋಲಿಸಲ್ಪಟ್ಟೆ ಎಂಬುದು ನನ್ನ ತಿದ್ದುಪಡಿ. ಆ ತಿದ್ದುಪಡಿಯನ್ನು ಕಡತಕ್ಕೆ ಸೇರಿಸಬೇಕೆಂದು ಲಿಖಿತವಾಗಿ ಕೇಳಿಕೊಂಡಿದ್ದೆ. ಉತ್ತರ ಇಂದಿಗೂ ಬಂದಿಲ್ಲ.

ಮೊದಲನೆಯದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯನಾಗಿದ್ದೆ. ಸಂಘದಲ್ಲಿ ಅಧ್ಯಕ್ಷರ ಚುನಾವಣೆ ಎಂದರೆ ಯುಗಾದಿ ಕಾರ್ಯಕ್ರಮದ ದಿನ, ಬಾಡಿಗೆಗೆ ಪಡೆದ ಶಾಲೆಯ ಸಭಾಂಗಣದಲ್ಲಿ, ಮಕ್ಕಳ ಭರತನಾಟ್ಯಕ್ಕೂ ಮಹಿಳೆಯರ ಕೋಲಾಟಕ್ಕೂ ನಡುವೆ ಎಲ್ಲರಿಂದ ಕೈ ಎತ್ತಿಸುವುದು. ನನ್ನ ಎದುರಾಳಿ ಸಾಲ್ಫರ್ಡಿನ ಮೂಳೆ ವೈದ್ಯರು. ಎತ್ತರದ ಆಳು, ಗಟ್ಟಿ ಗಂಟಲು, ಯಾರ ಭುಜದ ಮೇಲಾದರೂ ಕೈ ಹಾಕಿ ಮಾತನಾಡಬಲ್ಲವರು. ನನಗೆ ಮತ ಹಾಕಬೇಕಾದವರೆಲ್ಲ ಮಕ್ಕಳೊಂದಿಗೆ ಹೊರಗಿನ ಓಣಿಯಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದರು. ಅಷ್ಟರಲ್ಲಿ ಕಾರ್ಯದರ್ಶಿಗಳು ಎಣಿಕೆ ಆರಂಭಿಸಿಬಿಟ್ಟರು.

“ಹೊರಗೆ ಸಾಲಿನಲ್ಲಿರುವವರ ಗತಿ?” ಎಂದು ನಾನು ಎದ್ದುನಿಂತು ಕೇಳಿದೆ.

“ಅವರ ಕೈಲಿ ತಟ್ಟೆ ಇದೆ ಸಾರ್. ಕೈ ಎತ್ತಿದ್ರೆ ಊಟ ಚೆಲ್ಲುತ್ತೆ” ಎಂದರು ಅವರು.

ಸಭೆ ನಕ್ಕಿತು. ಯಾರು ಯಾರು ನಕ್ಕರು, ಯಾರು ಎಷ್ಟು ಹೊತ್ತು ನಕ್ಕರು ಎಂಬುದನ್ನು ನಾನು ಈಗಲೂ ಹೇಳಬಲ್ಲೆ.

ಎರಡನೆಯ ಸಲ ನನ್ನ ಒತ್ತಾಯದ ಮೇಲೆ ಚೀಟಿಗಳು ಬಂದವು. ಆದರೆ ಅವುಗಳನ್ನು ಹಂಚಿದ್ದು ಮೂಳೆ ವೈದ್ಯರ ಶ್ರೀಮತಿಯವರು! ಒಂದು ಕೈಯಲ್ಲಿ ಕೋಸಂಬರಿಯ ಪಾತ್ರೆ, ಇನ್ನೊಂದರಲ್ಲಿ ಮತದ ಚೀಟಿಗಳು. ನನ್ನ ಬಳಿಗೂ ಬಂದರು. “ತಗೊಳ್ಳಿ ಡಾಕ್ಟ್ರೇ, ಕೋಸಂಬರಿ ತಿನ್ಕೊಂಡು ನಮ್ಮೆಜಮಾನ್ರಿಗೇ ಒಂದು ಹಾಕಿಬಿಡಿ” ಎಂದರು. ಎದುರಿಗೆ ನಿಂತಿರುವ ಅಭ್ಯರ್ಥಿಯ ಹತ್ತಿರವೇ ಮತ ಕೇಳುವುದೆಂದರೆ ಅದು ಸರಳತನವೋ ಕುಚೋದ್ಯವೋ ಎಂದು ನಾನು ಬಹುಕಾಲ ಯೋಚಿಸಿದ್ದೇನೆ. ಕೋಸಂಬರಿ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆ ಸಲವೂ ಅವರೇ ಗೆದ್ದರು.

ಹೊಸ ಶತಮಾನದಲ್ಲಿ ನಾನು ನಿವೃತ್ತನಾದೆ. ಆ ಹೊತ್ತಿಗೆ ಈ ದೇಶದ ಚುನಾವಣೆಗಳಲ್ಲಿ ಕೇಳಿದವರಿಗೆಲ್ಲ ಅಂಚೆಯ ಮತ ಕೊಡುವ ಪದ್ಧತಿ ಬಂದಿತ್ತು. ನಮ್ಮ ನಗರದ ಕೌನ್ಸಿಲ್ ಕಳಿಸಿದ ಅಂಚೆ ಮತದ ಕಟ್ಟನ್ನು ಊಟದ ಮೇಜಿನ ಮೇಲೆ ಬಿಡಿಸಿ ಇಡೀ ಒಂದು ಸಂಜೆ ಅಭ್ಯಾಸ ಮಾಡಿದೆ. ಒಳಗಿನ ಲಕೋಟೆಯಲ್ಲಿ ಮತಪತ್ರ, ಅದರ ಮೇಲೆ ಹೆಸರಿಲ್ಲ. ಹೊರಗಿನ ಲಕೋಟೆಯಲ್ಲಿ ಸಹಿ ಮಾಡಿದ ಹೇಳಿಕೆ. ಯಾರು ಮತ ಹಾಕಿದರೆಂದು ತಿಳಿಯುತ್ತದೆ, ಯಾರಿಗೆ ಹಾಕಿದರೆಂದು ತಿಳಿಯುವುದಿಲ್ಲ. ತಟ್ಟೆಯಿಲ್ಲ, ಸಾಲಿಲ್ಲ, ಕೋಸಂಬರಿಯಿಲ್ಲ. ಇಷ್ಟು ಸುಂದರವಾದ ಏರ್ಪಾಟನ್ನು ನಾನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕೂಡ ಕಂಡಿರಲಿಲ್ಲ.

ಸಂಘಕ್ಕಾಗಿ ಒಂಬತ್ತು ನಿಯಮಗಳನ್ನು ಬರೆದೆ; ನನ್ನ ಹೆಂಡತಿ ಟೈಪು ಮಾಡಿದಳು. ಐದನೆಯ ನಿಯಮ ಹೀಗಿತ್ತು: ಅಭ್ಯರ್ಥಿಯಾಗಲಿ ಅವರ ಮನೆಯವರಾಗಲಿ ಬೇರೊಬ್ಬ ಸದಸ್ಯರ ಮತದ ಲಕೋಟೆಯನ್ನು ಅಂಚೆಗೆ ಹಾಕಕೂಡದು, ಹಾಗೆ ಹಾಕಿದ ಮತ ಅಸಿಂಧು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದೆನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆಯ ಪಾಳಿಯ ರೋಟಾದಿಂದಾಗಿ ಯುಗಾದಿಗೆ ಬರಲಾಗದ ಲೀಡ್ಸಿನ ಸದಸ್ಯರೆಲ್ಲ ಬೆಂಬಲಿಸಿದ್ದರಿಂದ ವಾರ್ಷಿಕ ಸಭೆಯಲ್ಲಿ ಒಂಬತ್ತೂ ನಿಯಮಗಳು ಅಂಗೀಕಾರವಾದವು. ಚುನಾವಣಾಧಿಕಾರಿಯಾಗಿ ಆಯ್ಕೆಯಾದವರು ಲೀಡ್ಸಿನಲ್ಲಿದ್ದ ಧಾರವಾಡದ ನಿವೃತ್ತ ಗಣಿತ ಶಿಕ್ಷಕಿ. ನನ್ನ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದು, “ಇಷ್ಟ್ ನಿಯಮ ನಮ್ಮ ಸಾಲ್ಯಾಗ ಪರೀಕ್ಷಾಕ್ಕೂ ಇರಲಿಲ್ರೀ ಡಾಕ್ಟರ್” ಎಂದರು.

ಮೂರನೆಯ ಸಲ ನಾನು ನಿಂತೆ. ಎದುರಾಳಿ ಮತ್ತೆ ಅವರೇ. ಆ ಸ್ಥಾನ ನನಗೆ ಬೇಕಾಗಿತ್ತು, ಮುಚ್ಚಿಡುವುದೇಕೆ? ಮೂವತ್ತು ವರ್ಷ ಇತರರಿಗೆ ನಿದ್ದೆ ಬರಿಸಿದವನು ಒಮ್ಮೆಯಾದರೂ ಎಚ್ಚರವಿರುವವರ ಸಭೆಯನ್ನು ನಡೆಸಬೇಕೆಂಬ ಆಸೆ ತಪ್ಪಲ್ಲ.

ಮತಪತ್ರಗಳು ಶುಕ್ರವಾರದೊಳಗೆ ಲೀಡ್ಸನ್ನು ತಲುಪಬೇಕಿತ್ತು. ಪ್ರತಿ ಲಕೋಟೆಗೂ ವಿಳಾಸ ಬರೆದು, ಸ್ಟಾಂಪು ಅಂಟಿಸಿ, ಮಡಿಚುವ ಗೆರೆಯನ್ನೂ ಗುರುತು ಮಾಡಿ ಕಳಿಸಿದ್ದೆವು. ಸದಸ್ಯರು ಮಾಡಬೇಕಾದುದು ಬೀದಿಯ ಕೆಂಪು ಡಬ್ಬದವರೆಗೆ ನಡೆಯುವುದೊಂದೇ. ಆದರೆ ನಮ್ಮ ಜನರ ಒಂದು ಅಭ್ಯಾಸವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾವ ವಸ್ತುವೇ ಇರಲಿ, ಆ ಕಡೆ ಹೋಗುವವರ ಕೈಯಲ್ಲಿ ಕಳಿಸಿದರೆ ಮಾತ್ರ ಅದು ತಲುಪುತ್ತದೆ ಎಂದು ನಾವು ನಂಬಿದ್ದೇವೆ. ಬೆಂಗಳೂರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಇನ್ನೊಬ್ಬರ ಮಗುವಿನ ಸ್ವೆಟರು, ಅಲ್ಲಿಂದ ಬರುವವರ ಪೆಟ್ಟಿಗೆಯಲ್ಲಿ ಮತ್ತೊಬ್ಬರ ಸಾರಿನ ಪುಡಿ. ಹೀಗಿರುವಾಗ ಮತವೊಂದನ್ನು ಮುಖಪರಿಚಯವಿಲ್ಲದ ಡಬ್ಬದೊಳಕ್ಕೆ ಹಾಕಿಬರುವುದೆಂದರೆ?

ಆ ವಾರಕ್ಕೆ ಮುಂಚಿನ ಭಾನುವಾರ ನಾನೂ ನನ್ನ ಹೆಂಡತಿಯೂ ನಮ್ಮೂರಿನ ಪಕ್ಕದ ಟಿವಿಡೇಲಿನ ದೇವಸ್ಥಾನಕ್ಕೆ ಹೋಗಿದ್ದೆವು. ಎರಡೂ ಕೈಯಲ್ಲಿ ಪುಳಿಯೋಗರೆಯ ದೊನ್ನೆಗಳನ್ನು ಹಿಡಿದು ನಿಂತಿದ್ದಾಗ ಹಿರಿಯ ಮಹಿಳೆಯೊಬ್ಬರು ಬಂದು ನನ್ನ ಕೋಟಿನ ಜೇಬಿಗೆ ಏನನ್ನೋ ತುರುಕಿದರು.

“ಓಟಿನ ಕವರು ಡಾಕ್ಟ್ರೇ. ಹೇಗೂ ಎಲ್ಲಾ ನೀವೇ ನೋಡ್ಕೊಳ್ತಿದೀರಲ್ಲ.”

“ಅಮ್ಮಾ, ಇದನ್ನು ಅಂಚೆಗೆ ಹಾಕಬೇಕು. ಅದಕ್ಕೇ ಸ್ಟಾಂಪು ಅಂಟಿಸಿ ಕಳಿಸಿದ್ದು.”

“ಅದನ್ನ ಬಿಡಿಸಿ ಇಟ್ಕೊಂಡೆ. ಒಳ್ಳೇ ಸ್ಟಾಂಪು, ಸುಮ್ನೆ ಹಾಳಾಗ್ತಿತ್ತು.”

ಪುಳಿಯೋಗರೆಯನ್ನು ಕೆಳಗಿಡಲು ಜಾಗ ಹುಡುಕುವಷ್ಟರಲ್ಲಿ ಸುದ್ದಿ ಹಬ್ಬಿತ್ತು. “ಕವರು ಇಲ್ಲೇ ಕೊಡಬಹುದಂತೆ” ಎಂದು ಒಬ್ಬರಾದ ಮೇಲೊಬ್ಬರು ಬಂದರು. ಕಾರಿನಿಂದ ತಂದರು, ಕೈಚೀಲದಿಂದ ತೆಗೆದರು. ಒಂದು ಲಕೋಟೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿತ್ತು. ಬೇಡವೆಂದರೆ, “ಪರವಾಗಿಲ್ಲ ಸಾರ್, ನಮಗೇನೂ ಅವಸರ ಇಲ್ಲ” ಎಂದು ನನ್ನನ್ನೇ ಸಮಾಧಾನಪಡಿಸಿದರು. ಮನೆಗೆ ಬಂದು ಜೇಬು ಬರಿದು ಮಾಡಿದಾಗ ಮೇಜಿನ ಮೇಲೆ ಹನ್ನೊಂದು ಲಕೋಟೆಗಳಿದ್ದವು.

ನನ್ನ ಹೆಂಡತಿ ಅವುಗಳನ್ನು ಒಟ್ಟು ಮಾಡಿ ನನ್ನ ಮುಂದೆ ಇಟ್ಟಳು. “ಒಂದಕ್ಕೆ ಸ್ಟಾಂಪು ಹಚ್ಚಿದ್ರೆ ಸಾಕು. ಡಬ್ಬ ನಮ್ಮ ಬೀದಿ ಕೊನೇಲೇ ಇದೆ. ಹಾಕಿ ಬನ್ನಿ, ಮುಗೀತು.”

“ಐದನೆಯ ನಿಯಮ” ಎಂದೆ.

“ಐದನೇ ನಿಯಮಕ್ಕೇನು ಕಣ್ಣಿದೆಯೇನ್ರೀ?”

“ನನಗಿದೆ.”

ಹನ್ನೊಂದು ಎಂದರೆ ನಮ್ಮಂಥ ಸಣ್ಣ ಸಂಘದಲ್ಲಿ ಫಲಿತಾಂಶವನ್ನೇ ತಿರುಗಿಸಬಲ್ಲ ಸಂಖ್ಯೆ. ನನ್ನ ಕೈಗೇ ಕೊಟ್ಟಿದ್ದಾರೆಂದ ಮೇಲೆ ಅವೆಲ್ಲ ನನ್ನವೇ ಆದ ಮತಗಳೆಂದು ನಾನು ಭಾವಿಸಿದ್ದೆ. ಡಬ್ಬಕ್ಕೆ ಹಾಕಿದರೆ ಕೋಸಂಬರಿ ಹಂಚಿದವರಿಗೂ ನನಗೂ ಭೇದವಿಲ್ಲ. ಹಾಕದೆ ಇಟ್ಟುಕೊಂಡರೆ ಮೂರನೆಯ ಸಲವೂ ಸೋಲು. ಲೀಡ್ಸಿಗೆ ಫೋನು ಮಾಡಿದೆ.

“ನಿಯಮ ಬರದವ್ರು ನೀವ. ಈಗ ನನ್ನ ಕೇಳಿದ್ರ ನಾ ಏನ್ ಹೇಳ್ಲಿ?” ಎಂದರು ಚುನಾವಣಾಧಿಕಾರಿ. “ಇನ್ನೂ ನೀವು ಹಾಕಿಲ್ಲಲಾ? ಹಂಗಾದ್ರ ಯಾರವು ಅವ್ರಿಗೆ ವಾಪಸ್ ಕೊಟ್ಟ್ ಬರ್ರಿ. ಅವ್ರ ಹಾಕ್ಲಿ.”

ಸೋಮವಾರ ಬೆಳಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಇಬ್ಬರೂ ಹೊರಟೆವು. ಎರಡು ದಿನ ಮನೆಯಿಂದ ಮನೆಗೆ ಮತಗಳನ್ನು ಹಿಂದಿರುಗಿಸುತ್ತ ತಿರುಗಿದ ಅಭ್ಯರ್ಥಿ ಇನ್ನೊಬ್ಬನಿದ್ದರೆ ಅವನನ್ನು ನಾನು ಕಾಣಬೇಕು. ಎಲ್ಲೆಡೆಯೂ ಉಪ್ಪಿಟ್ಟು, ಎಲ್ಲೆಡೆಯೂ ಗಾಬರಿ. ಬೀಸ್ಟನ್ನಿನಲ್ಲಿ ಔಷಧ ಸಂಶೋಧನೆಯ ಕೆಲಸದಲ್ಲಿದ್ದವರೊಬ್ಬರು ಬಾಗಿಲು ತೆರೆದವರೇ ಮುಖ ಸಣ್ಣದು ಮಾಡಿಕೊಂಡರು.

“ಯಾಕ್ ಸಾರ್, ನಮ್ಮ ಓಟು ಬೇಡ್ವಾ?”

“ಬೇಕು. ಆದರೆ ನೀವೇ ಅಂಚೆಗೆ ಹಾಕಬೇಕು.”

“ಅಲ್ಲಾ ಸಾರ್, ಡಬ್ಬ ನಮ್ಮನೆ ಎದುರಿಗೇ ಇದೆ!”

“ನೋಡಿದೆ. ಅದರ ಪಕ್ಕದಲ್ಲೇ ಕಾರು ನಿಲ್ಲಿಸಿದ್ದೇನೆ.”

ಸ್ಟಾಂಪು ಬಿಡಿಸಿಕೊಂಡಿದ್ದ ಹಿರಿಯ ಮಹಿಳೆ ಮಾತ್ರ ಲಕೋಟೆಯನ್ನು ಕೈಯಲ್ಲಿ ಹಿಡಿದು, “ನಾಲ್ಕು ದಿನ ನಿಮ್ಮ ಹತ್ರ ಇಟ್ಕೊಳ್ಳೋಕೆ ಅಷ್ಟು ಭಾರವಾಯ್ತೇ?” ಎಂದರು. ಎದುರಿಗೇ ನಿಂತು ಅವರ ಕೈಯಿಂದಲೇ ಹೊಸ ಸ್ಟಾಂಪು ಹಚ್ಚಿಸಿ, ಡಬ್ಬದವರೆಗೆ ಜೊತೆಯಲ್ಲಿ ನಡೆದುಹೋದೆ. ಲಕೋಟೆಯನ್ನು ಮುಟ್ಟಲಿಲ್ಲ.

ಕೊನೆಯದು ಸಾಲ್ಫರ್ಡಿನಲ್ಲಿ, ಟ್ರಾಮಿನ ದಾರಿಯ ಪಕ್ಕದ ಫ್ಲ್ಯಾಟು. ಬೆಂಗಳೂರಿನಿಂದ ಬಂದು ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಹೆಣ್ಣುಮಗಳು ಲಕೋಟೆಯನ್ನು ಕಂಡು ನಕ್ಕೇಬಿಟ್ಟಳು.

“ಅಯ್ಯೋ ಅಂಕಲ್, ಇದಕ್ಕೋಸ್ಕರ ಇಷ್ಟು ದೂರ ಬಂದ್ರಾ? ನಾನು ನಿಮಗೆ ಹಾಕೇ ಇಲ್ವಲ್ಲ!”

“ಹೇಳಕೂಡದು. ಗುಪ್ತ ಮತದಾನ” ಎಂದೆ. ಆಮೇಲೆ ತಡೆಯಲಾಗದೆ, “ಅವರಿಗೆ ಹಾಕಿದ್ದನ್ನು ನನ್ನ ಕೈಗೆ ಯಾಕಮ್ಮ ಕೊಟ್ಟೆ?” ಎಂದು ಕೇಳಿದೆ.

“ಅವರಿಗೆ ಕೊಟ್ಟಿದ್ರೆ ಕಾರಲ್ಲೇ ಮರೆತು ಓಡಾಡ್ತಿರ್ತಾರೆ. ನಿಮಗೆ ಕೊಟ್ರೆ ಗ್ಯಾರಂಟಿ ತಲುಪುತ್ತೆ ಅಂಕಲ್.”

ಬರ್ಮಿಂಗ್‌ಹ್ಯಾಮಿನವರೆಗೂ ಈ ಮಾತನ್ನು ಯೋಚಿಸುತ್ತ ಕಾರು ಓಡಿಸಿದೆ. ನನಗೆ ಸಂದ ಅತಿ ದೊಡ್ಡ ಅವಮಾನ ಇದೋ, ಅತಿ ದೊಡ್ಡ ಪ್ರಶಸ್ತಿ ಇದೋ ತೀರ್ಮಾನವಾಗಲಿಲ್ಲ. ಪಕ್ಕದಲ್ಲಿ ಕುಳಿತ ನನ್ನ ಹೆಂಡತಿಗೆ ಅಂಥ ಸಂದೇಹವೇನೂ ಇರಲಿಲ್ಲ. ಅವಳು ಅರ್ಧ ದಾರಿಯ ಸ್ಟೋಕ್ ಊರು ದಾಟುವವರೆಗೂ ನಗುತ್ತಲೇ ಇದ್ದಳು.

ಶನಿವಾರ ಲೀಡ್ಸಿನಲ್ಲಿ ಚುನಾವಣಾಧಿಕಾರಿಯವರ ಊಟದ ಮೇಜಿನ ಮೇಲೆ ಎಣಿಕೆ. ಅಭ್ಯರ್ಥಿಗಳಿಬ್ಬರು, ಅವರ ಹೆಂಡತಿಯರು, ಒಂದು ತಟ್ಟೆ ಮೈಸೂರುಪಾಕು. ಹೊರಗಿನ ಲಕೋಟೆಗಳ ಸಹಿ ನೋಡಿ, ಒಳಗಿನವನ್ನು ಬೇರೆ ಮಾಡಿ, ಇಸ್ಪೀಟಿನಂತೆ ಕಲಸಿ, ಆಮೇಲೆ ಒಡೆದರು. ಎರಡು ರಾಶಿಗಳೂ ಸಮನಾಗಿಯೇ ಏರುತ್ತಿದ್ದವು. ಕೊನೆಯಲ್ಲಿ ಎರಡು ಸಲ ಎಣಿಸಿ, ಅವರು ಕನ್ನಡಕ ತೆಗೆದರು.

“ಒಂದ ಒಂದು ಓಟಿನ್ಲೆ ಗೆದ್ದೀರಿ ಡಾಕ್ಟರ್.”

ಮೂಳೆ ವೈದ್ಯರು ಎದ್ದು ಬಂದು ನನ್ನ ಭುಜದ ಮೇಲೆ ಕೈ ಹಾಕಿದರು. ಆ ಒಂದು ಸಲ ನನಗದು ಭಾರವೆನಿಸಲಿಲ್ಲ. ಚಹಾ ಬಂತು. ಆಗ ನನ್ನ ಹೆಂಡತಿ ಅವರ ಶ್ರೀಮತಿಯವರ ಕಡೆ ತಿರುಗಿ ಬಹಳ ಪ್ರೀತಿಯಿಂದ ಹೇಳಿದಳು: “ಅವತ್ತು ದೇವಸ್ಥಾನದಲ್ಲಿ ಸಿಕ್ಕಿದ್ದು ಒಳ್ಳೇದಾಯ್ತು ನೋಡಿ. ನೀವು ಪೋಸ್ಟ್ ಮಾಡ್ತೀನಿ ಅಂತ ಇಸ್ಕೊಳ್ಳದೇ ಇದ್ದಿದ್ರೆ ನನ್ನ ಕವರು ಬ್ಯಾಗಲ್ಲೇ ಉಳೀತಿತ್ತು.”

ನನ್ನ ಕೈಯ ಮೈಸೂರುಪಾಕು ತಟ್ಟೆಗೆ ಮರಳಿತು. ಹನ್ನೊಂದು ಮನೆಗಳ ಬಾಗಿಲು ತಟ್ಟುವಾಗ ಜೊತೆಗಿದ್ದವಳು, ನಿಯಮಗಳನ್ನು ಟೈಪು ಮಾಡಿದವಳು, ತನ್ನ ಲಕೋಟೆಯನ್ನು ಎದುರಾಳಿಯ ಮನೆಯವರ ಕೈಗೆ ಕೊಟ್ಟಿದ್ದಳು! ಗಂಡಂದಿರು ಎದುರಾಳಿಗಳಾದರೂ ಅವರಿಬ್ಬರು ಹಳೆಯ ಗೆಳತಿಯರು; ತನ್ನದು ಗೆಳತಿಗೆ ಕೊಟ್ಟ ಲಕೋಟೆ. ಅದು ಬೇರೆ ವಿಷಯವೆಂದು ಅವಳು ತಿಳಿದಿದ್ದಳಂತೆ.

ಸುಮ್ಮನಿದ್ದರೆ ಯಾರಿಗೂ ಏನೂ ಹೊಳೆಯುತ್ತಿರಲಿಲ್ಲ. “ಆ ಮತ ಅಸಿಂಧು. ಐದನೆಯ ನಿಯಮ. ನನ್ನದರಿಂದ ಒಂದು ಕಳೆಯಿರಿ” ಎಂದೆ.

“ಯಾಕ?” ಎಂದರು ಚುನಾವಣಾಧಿಕಾರಿ. “ಅವ್ರು ನಿಮಗ ಹಾಕ್ಯಾರಂತ ಯಾರ್ ಹೇಳ್ಯಾರ?”

ಕೋಣೆಯಲ್ಲಿದ್ದವರೆಲ್ಲ ನನ್ನ ಹೆಂಡತಿಯ ಕಡೆ ತಿರುಗಿದರು. ಅವಳು ಮೈಸೂರುಪಾಕಿನ ಮೂಲೆ ಮುರಿದು ಬಾಯಿಗಿಟ್ಟುಕೊಂಡಳು. “ಎಂಟನೇ ನಿಯಮ ನೋಡಿ. ಯಾರಿಗೆ ಹಾಕಿದ್ರಿ ಅಂತ ಕೇಳಬಾರದು, ಹೇಳಬಾರದು. ನಾನೇ ಟೈಪ್ ಮಾಡಿದ್ದು.”

ಗಣಿತ ಶಿಕ್ಷಕಿ ಬೆರಳು ಮಡಿಚಿ ವಿವರಿಸಿದರು. “ಕಳದ್ರ ಸಮ ಆಗ್ತೀರಿ, ಇಲ್ಲಾ ಎರಡ್ರಿಂದ ಗೆಲ್ತೀರಿ. ಯಾವುದು ಅನ್ನೂದು ದೇವ್ರಿಗೂ ಇವ್ರಿಗೂ ಅಷ್ಟ ಗೊತ್ತು.”

“ಹಾಗಾದರೆ ಮರುಚುನಾವಣೆ ಆಗಬೇಕು” ಎಂದೆ.

ಮೂಳೆ ವೈದ್ಯರು ಎರಡೂ ಕೈ ಮೇಲೆತ್ತಿದರು. “ಬೇಡ ಡಾಕ್ಟ್ರೇ! ನಿಮ್ಮ ಎದುರಿಗೆ ಸೋಲೋದು ಸುಲಭ. ನಿಮ್ಮ ನಿಯಮದಲ್ಲಿ ಇನ್ನೊಂದು ಸಲ ಗೆಲ್ಲೋಕೆ ಒದ್ದಾಡೋದು ನನ್ನ ಕೈಲಾಗಲ್ಲ. ಒಂದು ಹಾಳೆ ಕೊಡಿ, ಸೋತೆ ಅಂತ ಬರೆದುಕೊಡ್ತೀನಿ.” ಅವರ ಶ್ರೀಮತಿಯವರು, “ಬೇಗ ಬರೀರಿ, ಮನಸ್ಸು ಬದಲಾಯಿಸಿಬಿಟ್ಟಾರು” ಎಂದು ತಮ್ಮ ಪೆನ್ನನ್ನೇ ಕೊಟ್ಟರು.

ಈ ಮಾತನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಅಂದು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಎಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ. ಅವರು ಬರೆದುಕೊಟ್ಟರು. ನಡೆದದ್ದೆಲ್ಲವೂ ನಡಾವಳಿಯಲ್ಲಿ ಸೇರಬೇಕೆಂಬ ಷರತ್ತಿನ ಮೇಲೆ ನಾನು ಒಪ್ಪಿದೆ. ಚುನಾವಣಾಧಿಕಾರಿಯವರು ಬರೆದು ಓದಿ ಹೇಳಿದರು. ಲಕೋಟೆ ಕೈಬದಲಾದ ದಿನವನ್ನು ಶನಿವಾರವೆಂದು ಬರೆದಿದ್ದರು. ಭಾನುವಾರವೆಂದು ತಿದ್ದಿಸಿ, ಅಧ್ಯಕ್ಷ ಎಂದು ಕೆಳಗೆ ಸಹಿ ಮಾಡಿದೆ.