ತಂದೆಯ ಹೆಸರಿನ ಅಫಿಡವಿಟ್

ಇದನ್ನು ಹಿಂದೆ ಎರಡು ಸಲ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ಅಪ್ಪ ಹರಿಹರದ ಹತ್ತಿರದ ಗುತ್ತೂರಿನ ಮನೆಯಲ್ಲೇ ಉಳಿದಿದ್ದ. ಅದು ಸುಳ್ಳು. ಅವನು ನನ್ನ ಪಕ್ಕದ ಬೆಂಚಿನ ಮೇಲೆ ಕೂತಿದ್ದ.

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಆ ವರ್ಷದ ಆದಾಯ ತೆರಿಗೆ ರಿಟರ್ನ್ ಫಾರಂ ತುಂಬಿದವಳು ಹೆಂಡತಿ. ಅವಳ ಅಕ್ಷರ ಚೆನ್ನ. ಎರಡು ತಿಂಗಳ ಮೇಲೆ ಅದು ವಾಪಸ್ ಬಂತು. ತಂದೆಯ ಹೆಸರು ಪ್ಯಾನ್ ಕಾರ್ಡಿನ ಜೊತೆ ತಾಳೆಯಾಗುತ್ತಿಲ್ಲ, ವ್ಯಕ್ತಿ ಇವರೇ ಎಂಬುದಕ್ಕೆ ದಾಖಲೆ ಕೊಡಿ ಎಂದಿತ್ತು. ಅವಳು ಬರೆದದ್ದು ಅಪ್ಪನ ಹೆಸರು. ಕಾರ್ಡಿನಲ್ಲಿದ್ದದ್ದು ನನ್ನ ಸೋದರಮಾವನದು.

ಹತ್ತನೆಯ ವಯಸ್ಸಿಗೆ ನನ್ನನ್ನು ಓದಲೆಂದು ದಾವಣಗೆರೆ ಕೆ.ಬಿ. ಬಡಾವಣೆಯ ಮಾವನ ಮನೆಯಲ್ಲಿ ಬಿಟ್ಟಿದ್ದರು. ಶಾಲೆಗೆ ಸೇರಿಸಿದವನು ಮಾವ. ತಂದೆಯ ಜಾಗದಲ್ಲಿ ಅವನ ಹೆಸರೇ ಕೂತಿತು. ಎಸ್ಸೆಸ್ಸೆಲ್ಸಿ ಹೊತ್ತಿಗೆ ತಿದ್ದಿಸೋಣವೆಂದು ಅಪ್ಪ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ. ಈಗ ತಿದ್ದಿದರೆ ಪರೀಕ್ಷೆಗೆ ತೊಂದರೆ ಎಂದೆ. ತೊಂದರೆಯೇನೂ ಇರಲಿಲ್ಲ. ಪೇಟೆಯಲ್ಲಿ ಮಾವನ ಹೆಸರು ಹೇಳಿದರೆ ಅಂಗಡಿಯವರು ಕೂರಿಸಿ ಮಾತಾಡಿಸುತ್ತಿದ್ದರು, ಅಷ್ಟೆ.

ಫಾರಂ ತಿರುಗಿ ಬಂದ ವಿಷಯ ಹೆಂಡತಿಯಿಂದ ತಿಳಿದು ಅಪ್ಪ ಹರಿಹರದಿಂದ ಬೆಳಗಿನ ಬಸ್ಸಿಗೆ ಬಂದ. ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡು, ಕಾರ್ಖಾನೆಯ ಪಾಸು.

"ಈ ಸಲನಾದ್ರೂ ಸರಿ ಮಾಡ್ಸಾಣ ಬಾ," ಎಂದ.

ಅವನ ಮುಖದಲ್ಲಿ ಖುಷಿಯಿತ್ತು. ಅಥವಾ ಆ ಖುಷಿಯನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ. ಕವರ್ ಇದ್ದದ್ದು ಮಾತ್ರ ನಿಜ.

ಟ್ಯಾಕ್ಸ್ ಕನ್ಸಲ್ಟೆಂಟ್ ಎರಡು ದಾರಿ ಹೇಳಿದರು. ಕಾರ್ಡನ್ನೇ ತಿದ್ದಿಸುವುದಾದರೆ ಶಾಲೆಯ ದಾಖಲೆಯಿಂದ ಶುರು ಮಾಡಬೇಕು, ತಿಂಗಳುಗಟ್ಟಲೆ ಓಡಾಟ. ಇಲ್ಲವೇ ಎರಡೂ ಹೆಸರು ಒಬ್ಬನೇ ಮನುಷ್ಯನವು ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿದರೆ ಇವತ್ತೇ ಮುಗಿಯುತ್ತದೆ. ಎರಡನೆಯದೇ ಆಗಲಿ ಎಂದೆ. ಅಪ್ಪನ ಕಡೆ ತಿರುಗಲಿಲ್ಲ.

"ನಿಮ್ ತಂದೆ ಇದಾರೇನ್ರಿ?"

"ತೀರ್ಕೊಂಡಾರೆ."

ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಗೆ ಹೇಳುವಾಗ ಮನಸ್ಸಿನಲ್ಲಿದ್ದದ್ದು ಮಾವನೇ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ.

"ಹಂಗಾರೆ ಸಲೀಸಾತು ಬಿಡ್ರಿ," ಕನ್ಸಲ್ಟೆಂಟ್ ನಕ್ಕರು. "ಎದ್ದು ಬಂದು ನಾನವನಲ್ಲ ಅನ್ನಲ್ಲ."

ಹೊರಗಿನ ಟೈಪಿಸ್ಟ್ ಹತ್ತಿರದಿಂದ ಕಾಗದ ಸಿದ್ಧವಾಗಿ ಬಂತು. ನನ್ನನ್ನು ಗುರುತಿಸಲು ಸಾಕ್ಷಿಯೊಬ್ಬರು ಬೇಕಿತ್ತು. ಈ ಯಜಮಾನರು ನಿಮಗೇನಾಗಬೇಕು ಎಂದು ಅಪ್ಪನನ್ನು ತೋರಿಸಿ ಕನ್ಸಲ್ಟೆಂಟ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ:

"ಊರೋರು ರೀ. ಸಣ್ಣೋನಿದ್ದಾಗಿಂದ ನೋಡೀನಿ ಇವನ್ನ."

ಪೆನ್ನು ಅವನ ಮುಂದೆ ಬಂತು. ಅದನ್ನು ಹಿಡಿದು ಕಾಗದದ ಮೇಲಿನ ಎರಡು ಹೆಸರುಗಳನ್ನೂ ಓದಿದ. ಒಂದು ಅವನದೇ, ಕೆಳಗೆ ಸಹಿ ಹಾಕಿದರೆ ಮತ್ತೆ ಅದೇ ಹೆಸರು. ಪೆನ್ನನ್ನು ಮೇಜಿನ ಮೇಲೆ ಇಟ್ಟ.

"ನಂಗೆ ಬರಿಯಾಕ್ ಬರಲ್ಲ. ಹೆಬ್ಬೆಟ್ಟು ಒತ್ತೀನಿ."

ಮೂವತ್ತು ವರ್ಷ ಕಾರ್ಖಾನೆಯ ರಿಜಿಸ್ಟರಿನಲ್ಲಿ ಸಹಿ ಹಾಕಿದವನು. ಇಂಕ್ ಪ್ಯಾಡ್ ಹುಡುಕಿ ತಂದರು. ಹೆಬ್ಬೆಟ್ಟಿನ ಪಕ್ಕ ಬರೆಯಲು ಹೆಸರು ಕೇಳಿದಾಗ ತನ್ನ ಅಪ್ಪನ ಹೆಸರು ಹೇಳಿದ.

ನಾನು ಒಂದು ಮಾತು ಆಡಬಹುದಿತ್ತು. ಆಡಿದೆನೆಂದು ಬರೆದದ್ದು ಎರಡನೆಯ ಸಲ ಹರಿದ ಹಾಳೆಗಳಲ್ಲಿ. ಅಫಿಡವಿಟ್ಟಿನ ನಕಲು ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಹೆಬ್ಬೆಟ್ಟು ಇದೆ.

ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋದೆವು. ಹರಿಹರದ ಬಸ್ಸು ಹೊರಡಲು ನಿಂತಿತ್ತು. ಕಿಟಕಿ ಪಕ್ಕ ಕೂತು ಅಪ್ಪ ಕೇಳಿದ್ದು ಒಂದೇ:

"ಇನ್ನ ವಾಪಸ್ ಬರಲ್ಲ ಅಲ್ಲ ಆ ಫಾರಂ?"

ಬರಲ್ಲ ಎಂದೆ.