ಟ್ಯಾಕ್ಸಿಯ ಎಂಜಿನ್ನು

ಈ ಕಥೆಯ ಮೊದಲರ್ಧವನ್ನು ಬಹಳ ಜನಕ್ಕೆ ಹೇಳಿ ನಗಿಸಿದ್ದೇನೆ. ಉಳಿದರ್ಧವನ್ನು ಮುಂದೂಡುತ್ತಲೇ ಬಂದೆ. ಮಗಳ ಮದುವೆ ಮುಗಿಯಲಿ, ಕೆಲಸದಿಂದ ನಿವೃತ್ತಿಯಾಗಲಿ, ಕಣ್ಣಿನ ಆಪರೇಷನ್ ಆಗಲಿ, ಹೀಗೆ ಒಂದಲ್ಲ ಒಂದು ನೆಪ. ಈಗ ನೆಪಗಳೂ ಮುಗಿದಿವೆ.

ಎಪ್ಪತ್ತರ ದಶಕದ ಕೊನೆಯ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಾನು ಯಶವಂತಪುರದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿದ್ದೆ. ಸಂಬಳ ಸಾಲದು. ಹಳೆಯ ಎಂಜಿನ್ನು ಬೇಕಾದವರಿಗೆ ಎಲ್ಲಿಂದಾದರೂ ಹುಡುಕಿ ಕೊಡಿಸಿ ಮೇಲೊಂದಿಷ್ಟು ಗಳಿಸುತ್ತಿದ್ದೆ. ಆಗ ಬಂದವರು ಯಲಹಂಕದ ಒಬ್ಬ ನಿವೃತ್ತ ಅಧಿಕಾರಿ. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅವರ ಹತ್ತಿರ ಎರಡೇ ಸೀಟಿನ, ಮೇಲ್ಛಾವಣಿ ಮಡಚುವ, ಕೆಂಪು ಬಣ್ಣದ ವಿಲಾಯಿತಿ ಸ್ಪೋರ್ಟ್ಸ್ ಕಾರಿತ್ತು. ರೇಡಿಯೇಟರಿನಲ್ಲಿ ನೀರಿಲ್ಲದೆ ಓಡಿಸಿ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿತ್ತು.

"ಇದರದ್ದೇ ಎಂಜಿನ್ ಅಲ್ಲಿಂದ ತರಿಸ್ಬೇಕು ಅಂದ್ರೆ ಮನೆ ಮಾರ್ಬೇಕು ಕಣಯ್ಯಾ. ಪೆನ್ಷನ್‌ದಾರನ ಕೈಗೆ ಎಟುಕೋ ಹಾಗೆ ಏನಾದ್ರೂ ನೋಡು," ಎಂದರು.

ನಾನು ಯಾವಾಗಲೂ ಕೆಲಸ ಕೊಡುತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ. ನನಗಿಂತ ಹಿರಿಯರಾದ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದೆ. ಇಬ್ಬರೂ ಬಾನೆಟ್ ಎತ್ತಿ ನಿಂತು ಲೆಕ್ಕ ಹಾಕಿದೆವು. ಜೀಪಿನ ಎಂಜಿನ್ನು ಅಗ್ಗವಾಗಿ ಸಿಗುತ್ತಿತ್ತು, ಆದರೆ ಎತ್ತರ ಜಾಸ್ತಿ, ಬಾನೆಟ್ ಮುಚ್ಚದು. ಡೀಸೆಲ್ಲಿನದು ಹಾಕಿದರೆ ಭಾರಕ್ಕೆ ಮುಂಭಾಗ ಕುಸಿಯುತ್ತದೆ, ನಡುಗುವುದು ಬೇರೆ. ಉಳಿದದ್ದು ಅಂಬಾಸಿಡರಿನದು. ಅದೂ ಈ ಕಾರಿನದೂ ಒಂದೇ ವಿಲಾಯಿತಿ ವಂಶದ ಎಂಜಿನ್ನು, ಹಳೆಯ ಗೇರ್‌ಬಾಕ್ಸಿಗೆ ಹೆಚ್ಚು ತಕರಾರಿಲ್ಲದೆ ಕೂರುತ್ತದೆ.

"ರೇಸ್ ಕುದ್ರೆಗೆ ಜಟಕಾ ಕುದ್ರೆ ಎದೆ ಹಾಕ್ದಂಗೆ ಆಯ್ತದೆ ಗುರು," ಎಂದು ಉಸ್ತಾದ್ ನಕ್ಕರು. "ಆದ್ರೆ ಓಡ್ತದೆ."

ಈ ಜಟಕಾ ಮಾತನ್ನೇ ನಾನು ಮದುವೆ ಮನೆಗಳಲ್ಲಿ ಹೇಳಿ ನಗಿಸುತ್ತಿದ್ದುದು. ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಸರ್ಕಾರಿ ಹರಾಜಿನಲ್ಲಿ ಒಳ್ಳೆಯ ಎಂಜಿನ್ನೊಂದಿತ್ತು. ಅದು ಸಾಹೇಬರ ಕೈಗೆ ಎಟುಕಲಿಲ್ಲ. ಅಷ್ಟರಲ್ಲಿ ಬ್ಯಾಟರಾಯನಪುರದಲ್ಲಿ ಒಬ್ಬ ಟ್ಯಾಕ್ಸಿಯವನು ಕಾಮಾಲೆಯಾಗಿ ತೀರಿಕೊಂಡಿದ್ದಾನೆ, ಬಾಡಿ ತುಕ್ಕು ಹಿಡಿದ ಅವನ ಗಾಡಿ ಮಾರುವುದಿದೆ ಎಂದು ತಿಳಿಯಿತು. ಉಸ್ತಾದ್ ಜೊತೆ ಹೋದೆ. ಬಳ್ಳಾರಿ ರಸ್ತೆಗೆ ತಾಗಿಕೊಂಡಂತೆ ಚಿಕ್ಕ ಹೆಂಚಿನ ಮನೆ. ಪಕ್ಕದ ಹೊಂಗೆ ಮರದ ಕೆಳಗೆ ಟ್ಯಾಕ್ಸಿ, ಮೇಲೆಲ್ಲ ಒಣಗಿದ ಹೂವು. ಟ್ಯಾಕ್ಸಿಯವನ ಹೆಂಡತಿ ಬೀಗದ ಕೈ ತಂದುಕೊಟ್ಟರು.

ಉಸ್ತಾದ್ ಬೇರೆ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿದರು. ಎಂಜಿನ್ನು ಒಮ್ಮೆ ಕೆಮ್ಮಿ ಓಡತೊಡಗಿತು. ಶಕ್ತಿ ಚೆನ್ನಾಗಿತ್ತು. ಆದರೆ ಒಳಗೆ ಟಕ್, ಟಕ್ ಎಂದು ಒಂದು ಬಡಿತ. ವಾಲ್ವುಗಳನ್ನು ಎತ್ತಿ ಇಳಿಸುವ ಕ್ಯಾಮ್‌ಶಾಫ್ಟು ಒಂದು ಕಡೆ ಸವೆದಿತ್ತು. ಕುಂಟುವವರು ಕೋಲೂರಿ ನಡೆದ ಹಾಗಿತ್ತು ಆ ಶಬ್ದ.

ಮನೆಯೊಳಗೆ ಏನೋ ಬಿತ್ತು. ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಹೊಸಿಲಿಗೆ ಬಂದರು. ಎರಡು ಕಣ್ಣಿನಲ್ಲೂ ಬಿಳಿ ಪೊರೆ. "ಬಂದ್ಯೇನ್ಲಾ ಮಗಾ? ನೀರು ಕಾದೈತೆ, ಮೊದ್ಲು ಮೈಗೆ ಉಯ್ಕೋ," ಎಂದರು.

"ಅಯ್ಯೋ ನಿಲ್ಸಣ್ಣ, ನಿಲ್ಸು!" ಎಂದು ಮುದುಕಿಯ ಸೊಸೆ, ಆ ಟ್ಯಾಕ್ಸಿಯವನ ಹೆಂಡತಿ, ಓಡಿ ಬಂದರು. ಉಸ್ತಾದ್ ಆಫ್ ಮಾಡಿದರು. ಮುದುಕಿ ಇನ್ನೂ ಸ್ವಲ್ಪ ಹೊತ್ತು ನಮ್ಮ ಕಡೆಗೆ ಕಿವಿ ಕೊಟ್ಟು ನಿಂತಿದ್ದು, ಏನನ್ನೋ ನೆನಪಿಸಿಕೊಂಡವರ ಹಾಗೆ ಒಳಗೆ ಹೋದರು.

ಮಾತು ಮುಗಿಸಿ ಹೊರಡುವಾಗ ಸೊಸೆ ನನ್ನನ್ನು ಹೊಂಗೆ ಮರದ ಹತ್ತಿರ ನಿಲ್ಲಿಸಿದರು. "ಅತ್ತೆಗೆ ಎಲ್ಲಾ ಗೊತ್ತಣ್ಣ. ಮಗನ ಮಣ್ಣಿಗೆ ಅವ್ರೂ ಬಂದಿದ್ರು. ಆದ್ರೆ ಈ ಸದ್ದು ಕೇಳಿದ್ರೆ ಗೊತ್ತಿರೋದೆಲ್ಲ ಮರ್ತೋಯ್ತದೆ. ತಿರುವಿನಾಗೆ ಇದು ಕೇಳಿದ್ರೆ ಒಲೆಗೆ ಸೌದೆ ತಳ್ಳೋರು, ಅಂಗೇ ಅಭ್ಯಾಸ. ನಿಮ್ಮನ್ನ ಬೇರೇನೂ ಕೇಳಾಕಿಲ್ಲ. ಈ ರಸ್ತೇಲಿ ಓಡಾಡೋ ಗಾಡಿಗೆ ಮಾತ್ರ ಇದನ್ನ ಆಕ್ಬೇಡಿ."

"ಆಯ್ತಕ್ಕಾ," ಎಂದೆ.

ನಮ್ಮ ಭಾಷೆಯಲ್ಲಿ ಈ ಆಯ್ತು ಎಂಬ ಮಾತು ಎಂಥದೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಮಾಡುತ್ತೇನೆ ಎನ್ನುವುದಕ್ಕೂ ಆಯ್ತು, ಮಾಡಿ ಮುಗಿಸಿದೆ ಎನ್ನುವುದಕ್ಕೂ ಆಯ್ತು, ಇನ್ನು ಹೊರಡಿ ಎನ್ನುವುದಕ್ಕೂ ಅದೇ. ಆಕೆ ಮೊದಲನೆಯದನ್ನು ಕೇಳಿಸಿಕೊಂಡರು. ನಾನು ಹೇಳಿದ್ದು ಮೂರನೆಯದು.

ಸೊಸೆ ಕೇಳಿಕೊಂಡದ್ದನ್ನು ದಾರಿಯಲ್ಲಿ ಉಸ್ತಾದ್‌ಗೆ ಹೇಳಿದ್ದೆ. ಎಂಜಿನ್ನು ಯಶವಂತಪುರಕ್ಕೆ ಬಂದಾಗ ಅವರು ಎರಡು ಸಲ ಹೇಳಿದರು: "ಕ್ಯಾಮ್‌ಶಾಫ್ಟ್ ಚೇಂಜ್ ಮಾಡಿಬಿಡೋಣ. ಸೌಂಡ್ ಹೋಗ್ತದೆ. ಆ ಸೊಸೆಗೆ ಕೊಟ್ಟ ಮಾತೂ ಉಳಿತದೆ." ಹೊಸ ಕ್ಯಾಮ್‌ಶಾಫ್ಟು ಹಾಕಿದರೆ ಬೆಲೆ ಏರುತ್ತಿತ್ತು, ಸಾಹೇಬರು ಹಿಂದೆ ಸರಿದರೆ ನನಗೆ ಬರುವುದೂ ಹೋಗುತ್ತಿತ್ತು. ಬೇಡ ಎಂದೆ. ಸಾಹೇಬರು ಶಬ್ದದ ಬಗ್ಗೆ ಕೇಳಿದಾಗ, "ಹಳೇ ಗಾಡಿಗೆ ಒಂದು ದನಿ ಇರ್ಬೇಕು ಸಾರ್, ಆಗ್ಲೇ ಗತ್ತು," ಎಂದೆ. ಅವರಿಗೆ ಅದು ಬಹಳ ಹಿಡಿಸಿತು.

ಅವರು ಯಲಹಂಕದಿಂದ ಆರ್.ಟಿ. ನಗರದ ಸ್ನೇಹಿತರ ಮನೆಗೆ ಇಸ್ಪೀಟಿಗೆ ಹೋಗಿ ಸಂಜೆ ಬಳ್ಳಾರಿ ರಸ್ತೆಯಲ್ಲಿ ವಾಪಸಾಗುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಒಂದು ಸಂಜೆ ಹೆಬ್ಬಾಳದಲ್ಲಿ ಬಸ್ಸಿಗೆ ನಿಂತಿದ್ದೆ. ಕೆಂಪು ಕಾರು ಪಕ್ಕಕ್ಕೆ ಬಂತು. "ಹತ್ತಯ್ಯಾ, ನೀನು ಕೊಟ್ಟ ಎಂಜಿನ್ ಹೇಗಿದೆ ನೋಡು." ಹತ್ತಿದೆ. ಗಾಳಿಗೆ ತಲೆಗೂದಲು ಹಾರುತ್ತಿತ್ತು. ನಾನು ಖುಷಿಯಾಗಿಯೇ ಇದ್ದೆ. ಬ್ಯಾಟರಾಯನಪುರದ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದು ಸಾಹೇಬರು ನಿಧಾನ ಮಾಡಿದರು. ಟಕ್, ಟಕ್.

ರಸ್ತೆಯಂಚಿನಲ್ಲಿ ಆ ಮುದುಕಿ ನಿಂತಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಮುಖವನ್ನು ಶಬ್ದದ ಕಡೆಗೆ ತಿರುಗಿಸಿ, ಬಾಯಿ ತೆರೆದು ಏನೋ ಕರೆಯುತ್ತ. ಮನೆಯ ಮಾಡಿನಿಂದ ಒಲೆಯ ಹೊಗೆ ಏಳುತ್ತಿತ್ತು.

"ನನ್ನ ಕಾರಿನ ಅಭಿಮಾನಿ ಕಣಯ್ಯಾ ಈ ಅಜ್ಜಿ," ಎಂದು ಸಾಹೇಬರು ನಕ್ಕರು. "ದಿನಾ ನಿಂತಿರ್ತಾಳೆ. ನಾನೂ ನಿರಾಸೆ ಮಾಡಲ್ಲ." ಪಾಂ ಪಾಂ ಎಂದು ಹಾರ್ನ್ ಒತ್ತಿದರು. ಒಳ್ಳೆಯ ಮನುಷ್ಯ. ಅವರಿಗೆ ಏನೂ ತಿಳಿಯದು.

ಅತ್ತೆಯ ತೋಳು ಹಿಡಿದು ಎಳೆಯುತ್ತಿದ್ದ ಸೊಸೆ ತಲೆಯೆತ್ತಿದರು. ಮೇಲ್ಛಾವಣಿ ಇಲ್ಲದ ಕಾರು, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಆಕೆ ನನ್ನನ್ನು ಗುರುತಿಸಿದರು. ನಾನು ತಲೆ ಬಗ್ಗಿಸಿ ಡ್ಯಾಶ್‌ಬೋರ್ಡಿನ ಮುಳ್ಳು ನೋಡುತ್ತ ಕುಳಿತೆ.

ಮಾರನೆಯ ದಿನ ಉಸ್ತಾದ್‌ಗೆ ಹೇಳಿದೆ. ಅವರು ಚಹಾ ಲೋಟ ಕೆಳಗಿಟ್ಟರು. "ಗಾಡಿ ತಕ್ಕೊಂಡು ಬಾ. ಮಜೂರಿ ಬೇಡ ನಂಗೆ. ಸಾಹೇಬ್ರಿಗೆ ನಿಜ ಹೇಳು." "ಆಯ್ತು ಉಸ್ತಾದ್," ಎಂದೆ. ಕ್ಯಾಮ್‌ಶಾಫ್ಟನ್ನು ನನ್ನ ಕೈಯ ದುಡ್ಡಿನಿಂದ ಹಾಕಿಸಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಗತ್ತು ಎಂದು ಹೊಗಳಿದ ಬಾಯಲ್ಲೇ ಸುಳ್ಳು ಹೇಳಿದೆ ಎನ್ನಬೇಕಿತ್ತು. ನಾಳೆ ನಾಳೆ ಎಂದು ಮಳೆಗಾಲ ಕಳೆಯಿತು.

ಕೊನೆಗೆ ದಸರಾ ಹೊತ್ತಿಗೆ ಆ ಮನೆಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಸೊಪ್ಪು ಬಿಡಿಸುತ್ತ ಹೇಳಿದರು. "ಅಜ್ಜಿ ತೀರೋದ್ರು. ಸೊಸೆ ತೌರಿಗೆ ಒಂಟೋದ್ಲು, ಯಾವೂರೋ ಕಾಣೆ. ಪಾಪ ಮುದ್ಕಿ, ಕೊನೆಗೆ ಊಟಾನೇ ಬಿಟ್ಬಿಟ್ಟಿದ್ಲು. 'ದಿನಾ ಮಗ ಬತ್ತಾನೆ, ಆರ್ನ್ ಒಡೀತಾನೆ, ನಿಲ್ಲಿಸ್ದೆ ಒಂಟೋಯ್ತಾನೆ. ನನ್ ಮ್ಯಾಲೆ ಏನ್ ಮುನಿಸು ಅವ್ನಿಗೆ, ನಾನೇನ್ ತಪ್ಪು ಮಾಡ್ದೆ' ಅಂತ ಅಳೋಳು."

ಹೊಂಗೆ ಮರದ ಕೆಳಗೆ ಟ್ಯಾಕ್ಸಿ ನಿಂತಿದ್ದ ಜಾಗದಲ್ಲಿ ಆಯಿಲ್ ಕಲೆ ಇನ್ನೂ ಇತ್ತು.

ಬಹಳ ವರ್ಷ ಆ ಸೊಸೆಗೆ ಮಾತು ಕೊಟ್ಟು ತಪ್ಪಿದೆ ಎಂದೇ ಕೊರಗಿದೆ. ಆಕೆಗೆ ನನ್ನ ಮೋಸ ಗೊತ್ತಿತ್ತು. ನನ್ನನ್ನು ಶಪಿಸುವುದಕ್ಕಾದರೂ ಆಕೆಗೆ ಸಾಧ್ಯವಿತ್ತು. ಆಪರೇಷನ್ ಆದರೂ ಈಗ ನನ್ನ ಕಣ್ಣೂ ಮಂಜು. ಹಳೆಯ ಫ್ಯಾನು ಟಕ್, ಟಕ್ ಎನ್ನುವಾಗ ನಾನೂ ಬಾಗಿಲ ಕಡೆಗೆ ಮುಖ ತಿರುಗಿಸುತ್ತೇನೆ. ಮಗ ಮುನಿಸಿಕೊಂಡಿದ್ದಾನೆಂದು ನಂಬಿ, ಇಲ್ಲದ ತಪ್ಪನ್ನು ತನ್ನಲ್ಲಿ ಹುಡುಕುತ್ತ ಸತ್ತವರು ಬೇರೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವರನ್ನು: ಒಲೆಗೆ ಸೌದೆ ತಳ್ಳಿ ರಸ್ತೆಗೆ ಬಂದು ನಿಲ್ಲುತ್ತಿದ್ದ, ಆ ಟ್ಯಾಕ್ಸಿಯವನ ತಾಯಿಯನ್ನು.